ಬೀದರಿನ ನಾನಕ್ ಝೀರಾ: ಲಂಗರಿನಲ್ಲಿ ಊಟ ಮಾಡದಿದ್ದರೆ ಅಪಚಾರವಾಗುತ್ತದೆಯೇ?

ಓದುಗರ ಪ್ರಶ್ನೆ: ನಾವು ಧಾರವಾಡದವರು. ತಂದೆಯವರ ನೌಕರಿಯ ಕಾರಣದಿಂದ ಮೊದಲು ಕೆಲವು ವರ್ಷ ಬೀದರಿನಲ್ಲಿದ್ದೆವು. ಆಗ ನನ್ನ ತಮ್ಮನಿಗೆ ಕಾಯಿಲೆಯಾದಾಗ ತಾಯಿಯವರು ನಾನಕ್ ಝೀರಾ ಗುರುದ್ವಾರಕ್ಕೆ ಹರಕೆ ಹೊತ್ತಿದ್ದರು. ಅದು ಹಾಗೆಯೇ ಉಳಿದಿದೆ. ಈಗ ಅವರಿಗೆ 76 ವರ್ಷ, ಮಂಡಿನೋವು ಮತ್ತು ಸಕ್ಕರೆ ಕಾಯಿಲೆ ಇವೆ. ಈ ವರ್ಷ ಗುರುನಾನಕ್ ಜಯಂತಿಗೆ ಹೋಗಿ ಹರಕೆ ತೀರಿಸಬೇಕೆಂದು ಹಟ ಹಿಡಿದಿದ್ದಾರೆ. ಅವರು ಮಡಿಯವರು, ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ, ಹೊರಗೆ ಎಲ್ಲಿಯೂ ಉಣ್ಣುವುದಿಲ್ಲ. ಅಲ್ಲಿ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಬಡಿಸುವ ಲಂಗರಿನಲ್ಲಿ ಊಟ ಮಾಡದೆ ಬಂದರೆ ಅಲ್ಲಿಯವರಿಗೆ ಅವಮಾನವಾಗುತ್ತದೆ ಎಂದು ನೆರೆಯವರು ಹೇಳುತ್ತಾರೆ. ಅಲ್ಲಿ ಉಂಡು, ಅಲ್ಲಿನ ಝರಿಯ ಅಮೃತಕುಂಡದ ನೀರು ಕುಡಿದರೆ ಅವರ ಧರ್ಮಕ್ಕೆ ಸೇರಿದ ಹಾಗೆ ಎಂದು ನಮ್ಮ ಭಾವನವರು ಹೇಳುತ್ತಾರೆ. ಆ ದಿನಗಳಲ್ಲಿ ನನ್ನ ಮಗಳು ಮುಟ್ಟಾಗುವ ಸಂಭವವೂ ಇದೆ. ತೆಂಗಿನಕಾಯಿ, ಕರ್ಪೂರ ಒಯ್ಯಬಹುದೇ? ಝರಿಯ ನೀರಿನಿಂದ ಮಂಡಿನೋವು ವಾಸಿಯಾಗುತ್ತದೆಯೇ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಅಳುಕು ಒಂದೇ: ತಾಯಿಯವರ ನೇಮಕ್ಕೂ ಭಂಗ ಬರಬಾರದು, ಅಲ್ಲಿಯವರ ಶ್ರದ್ಧೆಗೂ ನೋವಾಗಬಾರದು. ಸಿಖ್ ಇತಿಹಾಸವನ್ನು ಪಾಠ ಮಾಡುತ್ತ, ವಿದ್ಯಾರ್ಥಿಗಳನ್ನೂ ಯಾತ್ರಿಕರನ್ನೂ ಬೀದರಿಗೆ ಕರೆದೊಯ್ಯುತ್ತ ಬಂದ ನಾನು ಈ ಅಳುಕನ್ನು ಅನೇಕ ಕನ್ನಡ ಕುಟುಂಬಗಳಲ್ಲಿ ಕಂಡಿದ್ದೇನೆ. ಊಟ ಮಾಡದಿರುವುದು ಅಪಚಾರವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ಪಂಕ್ತಿ, ಬೇರೆ ತಟ್ಟೆ, ಬೇರೆ ಕೈಯಿಂದ ಬಡಿಸುವ ಅನ್ನ ಬೇಕೆಂದು ಕೇಳುವುದು ಮಾತ್ರ ಅಲ್ಲಿ ಸಲ್ಲುವುದಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ಮನಸ್ಸಿಗೆ ಬಂದರೆ ನಿಮ್ಮ ಉಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ತಾವಾಗಿಯೇ ಸಡಿಲವಾಗುತ್ತವೆ.

ಭಾವನವರ ಆತಂಕಕ್ಕೆ ಆಧಾರವಿಲ್ಲ. ಗುರುದ್ವಾರಕ್ಕೆ ಯಾವ ದೇಶ, ಧರ್ಮ, ಜಾತಿಯವರೂ ಬರಬಹುದೆಂದು ಸಿಖ್ಖರ ಆಚಾರಸಂಹಿತೆಯಾದ ಸಿಖ್ ರೆಹತ್ ಮರ್ಯಾದಾ ಸ್ಪಷ್ಟವಾಗಿ ಹೇಳುತ್ತದೆ. ತಲೆ ಮುಚ್ಚಿರಬೇಕು, ಪಾದರಕ್ಷೆ ಹೊರಗೆ ಬಿಡಬೇಕು, ಕೈಕಾಲು ತೊಳೆದಿರಬೇಕು, ಹೊಗೆಸೊಪ್ಪು ಮತ್ತು ಮಾದಕ ಪದಾರ್ಥಗಳು ಜೊತೆಯಲ್ಲಿ ಇರಬಾರದು. ಕಾರಿನ ಚಾಲಕರೂ ಸೇರಿದಂತೆ ನಿಮ್ಮೊಂದಿಗೆ ಬರುವವರ ಜೇಬಿನಲ್ಲಿ ಗುಟ್ಕಾ, ಬೀಡಿ, ಸಿಗರೇಟು ಇದ್ದರೆ ಗಾಡಿಯಲ್ಲಿಯೇ ಬಿಡಿಸಿರಿ. ಗೊತ್ತಿಲ್ಲದೆ ತಪ್ಪು ನಡೆಯುವುದು ಹೆಚ್ಚಾಗಿ ಇದೊಂದರಲ್ಲಿಯೇ. ಇನ್ನು ದೀಕ್ಷಿತ ಸಿಖ್ಖರ ಖಾಲ್ಸಾ ಪಂಥಕ್ಕೆ ಸೇರುವ ದೀಕ್ಷೆ ಬೇರೆಯೇ ಒಂದು ವಿಧಿ. ಅದಕ್ಕೆ ಬಯಸಿದವರು ತಾವಾಗಿಯೇ ಮುಂದೆ ಬರಬೇಕು. ಸಿಖ್ಖರ ಧರ್ಮಗ್ರಂಥವಾದ ಗುರು ಗ್ರಂಥ ಸಾಹೇಬದ ಸನ್ನಿಧಿಯಲ್ಲಿ ಐವರು ದೀಕ್ಷಿತ ಸಿಖ್ಖರು ಕಬ್ಬಿಣದ ಪಾತ್ರೆಯ ನೀರಿಗೆ ಬತಾಸು ಹಾಕಿ, ಖಂಡೆ ಎಂಬ ಇಬ್ಬಾಯಿ ಖಡ್ಗದಿಂದ ಕಲಕುತ್ತ, ಬಾಣಿಗಳೆಂಬ ಪವಿತ್ರ ಪದ್ಯಗಳನ್ನು ಪಠಿಸಿ ಸಿದ್ಧಪಡಿಸಿದ ಅಮೃತವನ್ನು ದೀಕ್ಷೆ ಪಡೆಯುವವರು ಸ್ವೀಕರಿಸಿ, ಕೇಶ ಮೊದಲಾದ, ‘ಕ’ ಅಕ್ಷರದಿಂದ ಆರಂಭವಾಗುವ ಐದು ಲಾಂಛನಗಳನ್ನು (ಕಕಾರಗಳನ್ನು) ಜೀವನಪೂರ್ತಿ ಧರಿಸುವ ಪ್ರತಿಜ್ಞೆ ಮಾಡುತ್ತಾರೆ. ಝರಿಯ ನೀರು ಕುಡಿಯುವುದಕ್ಕೂ ಲಂಗರಿನ ರೊಟ್ಟಿ ತಿನ್ನುವುದಕ್ಕೂ ಆ ದೀಕ್ಷೆಗೂ ಯಾವ ಸಂಬಂಧವೂ ಇಲ್ಲ.

ಲಂಗರಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಕಡೆ ಅದನ್ನು ಬಡವರಿಗೆ ಹಾಕುವ ಅನ್ನವೆಂದೋ ಯಾತ್ರಿಕರ ಅನುಕೂಲಕ್ಕಾಗಿ ಇರುವ ಉಚಿತ ಊಟವೆಂದೋ ತಿಳಿದವರೇ ಹೆಚ್ಚು. ದುಡಿದು ತಿನ್ನಬೇಕು, ಹಂಚಿಕೊಂಡು ತಿನ್ನಬೇಕು, ನಾಮಸ್ಮರಣೆ ಮಾಡಬೇಕು ಎಂಬುದು ಗುರುನಾನಕರ ಬೋಧೆಯ ತಿರುಳು. ಲಂಗರು ಅದರ ಆಚರಣೆಯ ರೂಪ. ಎರಡನೆಯ ಗುರು ಅಂಗದರ ಪತ್ನಿ ಮಾತಾ ಖೀವಿ ಈ ಅಡುಗೆಮನೆಯನ್ನು ಹೇಗೆ ನಡೆಸಿದರು, ಅಲ್ಲಿ ತುಪ್ಪ ಹಾಕಿದ ಪಾಯಸ ಹೇಗೆ ಬಡಿಸಲಾಗುತ್ತಿತ್ತು ಎಂಬುದನ್ನು ಗುರು ಗ್ರಂಥ ಸಾಹೇಬದೊಳಗಿನ ಪದ್ಯವೊಂದು ಹೆಸರು ಹಿಡಿದೇ ಹೇಳುತ್ತದೆ. ಮೂರನೆಯ ಗುರು ಅಮರದಾಸರು ಗೋಯಿಂದವಾಲದಲ್ಲಿ ತಮ್ಮ ದರ್ಶನಕ್ಕೆ ಬರುವವರು ಮೊದಲು ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು, ಆಮೇಲೆ ಸಂಗತ್ ಎಂಬ ಭಕ್ತರ ಸಭೆಗೆ ಬರಬೇಕು ಎಂಬ ನಿಯಮ ಮಾಡಿದರು. ಅಕ್ಬರ್ ಬಾದಶಹನೂ ನೆಲದ ಮೇಲೆ ಕುಳಿತು ಉಂಡ ನಂತರವೇ ಗುರುಗಳನ್ನು ಕಂಡನೆಂದು ಸಿಖ್ ಪರಂಪರೆ ನೆನೆಯುತ್ತದೆ.

ಆ ಕಾಲದಲ್ಲಿ ಯಾರು ಯಾರ ಕೈಯ ನೀರು ಕುಡಿಯಬಹುದು, ಯಾರ ಪಕ್ಕದಲ್ಲಿ ಯಾರು ಉಣ್ಣಬಹುದು ಎಂಬ ಲೆಕ್ಕಾಚಾರದ ಮೇಲೆಯೇ ಜಾತಿಯ ಏಣಿ ನಿಂತಿತ್ತು. ಆ ಏಣಿಯನ್ನು ಉಪದೇಶದಿಂದಲ್ಲ, ಊಟದ ಪಂಕ್ತಿಯಿಂದಲೇ ಮುರಿಯಬೇಕೆಂದು ಗುರುಗಳು ನಿಶ್ಚಯಿಸಿದ್ದರು. ಆದ್ದರಿಂದಲೇ ಸಿಖ್ಖರ ಪಾಲಿಗೆ ಲಂಗರು ಪೂಜೆಯ ನಂತರದ ಊಟವಲ್ಲ, ಅದು ಪೂಜೆಯದೇ ಒಂದು ಅಂಗ. ನಿಮ್ಮ ಬೀದರಿಗೆ ಈ ಕಥೆಯಲ್ಲಿ ದೊಡ್ಡ ಸ್ಥಾನವಿದೆ. 1699ರ ಬೈಸಾಖಿಯಂದು ಆನಂದಪುರ ಸಾಹೇಬದಲ್ಲಿ ಹತ್ತನೆಯ ಗುರು ಗೋವಿಂದ ಸಿಂಗರು ತಲೆ ಕೊಡಬಲ್ಲವರು ಯಾರೆಂದು ಕೇಳಿದಾಗ ಒಬ್ಬೊಬ್ಬರಾಗಿ ಎದ್ದು ನಿಂತ ಐವರು ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹೇಬ್ ಸಿಂಗರು ಬೀದರಿನವರು, ಹುಟ್ಟಿನಿಂದ ಕ್ಷೌರಿಕ ಕುಲದವರು. ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಜಗನ್ನಾಥಪುರಿಯ ನೀರು ಹೊರುವವರು, ದ್ವಾರಕೆಯ ಛೀಪಾ (ಬಟ್ಟೆಗೆ ಅಚ್ಚು ಹಾಕುವವರು) ಮತ್ತು ಬೀದರಿನ ಈ ಕ್ಷೌರಿಕರು ಒಂದೇ ಪಾತ್ರೆಯಿಂದ ಅಮೃತ ಕುಡಿದರು; ಬಳಿಕ ಗುರುಗಳು ತಾವೂ ಅವರ ಕೈಯಿಂದಲೇ ಅದನ್ನು ಸ್ವೀಕರಿಸಿದರು. ಜಗತ್ತಿನ ಎಲ್ಲ ಗುರುದ್ವಾರಗಳ ಅರ್ದಾಸ್ ಎಂಬ ಪ್ರಾರ್ಥನೆಯಲ್ಲಿ ಸ್ಮರಿಸಲಾಗುವ ಪಂಜ್ ಪ್ಯಾರೆಗಳಲ್ಲಿ ನಮ್ಮ ನಾಡಿನ ಒಬ್ಬ ಶ್ರಮಜೀವಿಯೂ ಇದ್ದಾರೆ ಎಂಬುದು ಕನ್ನಡಿಗರಲ್ಲಿ ಹೆಚ್ಚಿನವರಿಗೆ ತಿಳಿದೇ ಇಲ್ಲ. ತಾಯಿಯವರಿಗೆ ಇದನ್ನು ಹೋಗುವ ಮೊದಲೇ ಹೇಳಿರಿ.

ಬಸವಕಲ್ಯಾಣವೂ ಬೀದರ್ ಜಿಲ್ಲೆಯಲ್ಲಿಯೇ ಇರುವುದರಿಂದ, ಶರಣರ ದಾಸೋಹವೇ ಲಂಗರಿಗೆ ಮೂಲವೆಂದು ಹೇಳುವವರಿದ್ದಾರೆ. ಎರಡರ ಆಶಯದಲ್ಲಿ ಹೋಲಿಕೆ ಇರುವುದು ನಿಜ, ಆದರೆ ಒಂದರಿಂದ ಇನ್ನೊಂದು ಬಂದಿತೆನ್ನಲು ಆಧಾರಗಳಿಲ್ಲ. ಹಾಗೆಯೇ, ಸಿಖ್ ಸಮಾಜದಲ್ಲಿ ಜಾತಿ ಪೂರ್ತಿಯಾಗಿ ಅಳಿದಿದೆ ಎನ್ನುವುದೂ ಸರಿಯಲ್ಲ. ಪಂಜಾಬಿನ ಅನೇಕ ಹಳ್ಳಿಗಳಲ್ಲಿ ಇಂದಿಗೂ ಬೇರೆ ಬೇರೆ ಸಮುದಾಯಗಳ ಹೆಸರಿನಲ್ಲಿ ಬೇರೆ ಬೇರೆ ಗುರುದ್ವಾರಗಳಿವೆ. 1920ರ ಅಕ್ಟೋಬರ್ 12ರಂದು ಹೊಸದಾಗಿ ದೀಕ್ಷೆ ಪಡೆದ ದಲಿತ ಸಿಖ್ಖರು ಅಮೃತಸರದ ಹರ್‌ಮಂದಿರ್ ಸಾಹೇಬಕ್ಕೆ (ಸ್ವರ್ಣಮಂದಿರಕ್ಕೆ) ತಂದ ಕಡಾಹ ಪ್ರಸಾದವನ್ನು ಅಲ್ಲಿನ ಅರ್ಚಕರು ಸ್ವೀಕರಿಸಲು ಒಪ್ಪಲಿಲ್ಲ. ವಾದ ಬಗೆಹರಿಯದಿದ್ದಾಗ ಗ್ರಂಥವನ್ನು ತೆರೆದು ನೋಡಲಾಯಿತು. ಕಣ್ಣಿಗೆ ಬಿದ್ದ ಪದ್ಯ ಆ ಭಕ್ತರ ಪರವಾಗಿತ್ತು, ಪ್ರಸಾದ ಸ್ವೀಕಾರವಾಯಿತು. ಗುರುದ್ವಾರ ಸುಧಾರಣಾ ಚಳವಳಿ ಬಲಗೊಂಡು ಅದೇ ವರ್ಷದ ನವೆಂಬರಿನಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಹುಟ್ಟಿದ್ದಕ್ಕೂ ಈ ಘಟನೆಗೂ ನೇರವಾದ ನಂಟಿದೆ. ಯಾರ ಕೈಯಿಂದ ಪ್ರಸಾದ ಪಡೆಯಬಹುದು ಎಂಬ ಪ್ರಶ್ನೆ ಸಿಖ್ಖರಿಗೆ ಏಕೆ ಅಷ್ಟು ಸೂಕ್ಷ್ಮವಾದದ್ದು ಎಂಬುದು ಇದರಿಂದ ನಿಮಗೆ ತಿಳಿಯುತ್ತದೆ.

ಈಗ ತಾಯಿಯವರ ಮಡಿಗೆ ಬರೋಣ. ಲಂಗರಿನ ಊಟ ಸಸ್ಯಾಹಾರವೇ ಆಗಿರುತ್ತದೆ. ರೊಟ್ಟಿ, ಬೇಳೆ, ಪಲ್ಯ, ಅನ್ನ, ಕೆಲವೊಮ್ಮೆ ಖೀರು. ಆದರೆ ಬೇಳೆ ಮತ್ತು ಪಲ್ಯದಲ್ಲಿ ಸಾಮಾನ್ಯವಾಗಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತವೆ, ಅವಿಲ್ಲದೆ ಬೇರೆ ಮಾಡಿಕೊಡಿರೆಂದು ಕೇಳುವಂತಿಲ್ಲ. ಪಂಕ್ತಿಯಲ್ಲಿ ಎಲ್ಲರ ಜೊತೆ ಕುಳಿತು, ಎರಡೂ ಕೈ ಒಡ್ಡಿ ಒಂದು ರೊಟ್ಟಿಯನ್ನು ಮಾತ್ರ ಪಡೆದು, ಖೀರು ಇದ್ದರೆ ಒಂದು ಚಮಚ ಹಾಕಿಸಿಕೊಂಡು, ಉಳಿದದ್ದಕ್ಕೆ ಕೈಮುಗಿದು ಬೇಡವೆನ್ನುವುದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೊಂದಿಕೆಯಾಗುವ ದಾರಿ. ಅದರಿಂದ ಯಾರಿಗೂ ಬೇಸರವಾಗುವುದಿಲ್ಲ. ತಟ್ಟೆಗೆ ಹಾಕಿಸಿಕೊಂಡು ಬಿಟ್ಟೇಳುವುದರಿಂದ ಮಾತ್ರ ನಿಜವಾಗಿಯೂ ನೋವಾಗುತ್ತದೆ, ಆದ್ದರಿಂದ ಮಕ್ಕಳಿಗೂ ಸ್ವಲ್ಪಸ್ವಲ್ಪವೇ ಹಾಕಿಸಿರಿ. ಅಷ್ಟೂ ಆಗದೆಂದು ತಾಯಿಯವರು ಹೇಳಿದರೆ ಗ್ರಂಥವಿರುವ ಸಭಾಂಗಣವಾದ ದರ್ಬಾರಿನಲ್ಲಿ ಕೊಡುವ ಕಡಾಹ ಪ್ರಸಾದವನ್ನಾದರೂ ಸ್ವೀಕರಿಸಬಹುದು. ಗೋಧಿ ಹಿಟ್ಟು, ತುಪ್ಪ, ಸಕ್ಕರೆಗಳನ್ನು ಸಮತೂಕದಲ್ಲಿ ಹಾಕಿ ಮಾಡುವ ಆ ಪ್ರಸಾದದಲ್ಲಿ ಈರುಳ್ಳಿ ಬೆಳ್ಳುಳ್ಳಿಯ ಪ್ರಶ್ನೆಯೇ ಇಲ್ಲ. ಆದರೆ ಸಕ್ಕರೆ ಕಾಯಿಲೆಯವರಿಗೆ ಒಂದು ಹಿಡಿ ಪ್ರಸಾದವೂ ಹೆಚ್ಚೇ. ಕೈಯೊಡ್ಡುವಾಗಲೇ ಸ್ವಲ್ಪ ಸಾಕೆಂದು ಹೇಳಲಿ, ಅಥವಾ ಪಡೆದದ್ದನ್ನು ನೀವೇ ಹಂಚಿಕೊಳ್ಳಿರಿ.

ಅದೂ ಬೇಡವೆನಿಸಿದರೆ ಅವರು ಲಂಗರಿನ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಸೇವೆ ಮಾಡಬಹುದು. ಬೆಳ್ಳುಳ್ಳಿ ಬಿಡಿಸುವುದು ಅವರಿಗೆ ಒಗ್ಗದಿದ್ದರೆ ಹಿಟ್ಟು ನಾದುವಲ್ಲಿ, ರೊಟ್ಟಿ ಲಟ್ಟಿಸುವಲ್ಲಿ ಕೈಜೋಡಿಸಲಿ. ಸೇವೆಯೂ ಲಂಗರಿನಷ್ಟೇ ದೊಡ್ಡದೆಂದು ಅಲ್ಲಿ ಎಣಿಸುತ್ತಾರೆ, ಹರಕೆಯನ್ನು ಹೀಗೆ ತೀರಿಸುವುದು ತೀರ ಉಚಿತವಾದ ಕ್ರಮ. ಒಂದು ಎಚ್ಚರಿಕೆ: ಮನೆಯಿಂದ ಕಟ್ಟಿಕೊಂಡು ಹೋದ ಬುತ್ತಿಯನ್ನು ಲಂಗರಿನ ಪಂಕ್ತಿಯಲ್ಲಿ ಬಿಚ್ಚಬೇಡಿರಿ. ಔಷಧಿಯ ಸಮಯಕ್ಕೆ ಅವರಿಗೆ ತಿನ್ನಲು ಬೇಕಾದದ್ದನ್ನು ಉಳಿದುಕೊಳ್ಳುವ ಕೋಣೆಯಲ್ಲಿಯೋ ಗಾಡಿಯಲ್ಲಿಯೋ ಕೊಡಿರಿ. ಊಟಕ್ಕೆ ದುಡ್ಡು ಕೊಡುವ ಪದ್ಧತಿಯಿಲ್ಲ, ಬಡಿಸಿದವರ ಕೈಗೆ ಹಣವಿಡುವುದಂತೂ ಸಲ್ಲದು. ಹರಕೆಯ ಹಣವನ್ನು ಗೋಲಕಕ್ಕೆ ಹಾಕಬಹುದು, ಅಥವಾ ಬೇಳೆ, ಹಿಟ್ಟು, ತುಪ್ಪವನ್ನು ಲಂಗರಿಗೆ ಒಪ್ಪಿಸಬಹುದು.

ಮಂಡಿನೋವಿನವರಿಗೆ ನೆಲದ ಮೇಲೆ ಕುಳಿತು ಏಳುವುದು ಕಷ್ಟ. ದರ್ಬಾರಿನಲ್ಲಿ ಎಲ್ಲರೂ ಗುರು ಗ್ರಂಥ ಸಾಹೇಬಕ್ಕಿಂತ ಕೆಳಗಿನ ಮಟ್ಟದಲ್ಲಿ ಕುಳಿತುಕೊಳ್ಳಬೇಕೆಂಬುದೂ, ಲಂಗರಿನಲ್ಲಿ ಎಲ್ಲರೂ ಒಂದೇ ನೆಲದ ಮೇಲೆ ಕುಳಿತುಕೊಳ್ಳಬೇಕೆಂಬುದೂ ಸಣ್ಣ ವಿಷಯಗಳಲ್ಲ. ಕೆನಡಾದ ಕೆಲವು ಗುರುದ್ವಾರಗಳಲ್ಲಿ ಲಂಗರಿಗೆ ಮೇಜು ಕುರ್ಚಿ ಬಳಸುವ ರೂಢಿ ಬೆಳೆದು, ಅದರ ಬಗ್ಗೆ ದೊಡ್ಡ ಜಗಳವೇ ನಡೆದು, 1998ರಲ್ಲಿ ಸಿಖ್ಖರ ಅತ್ಯುನ್ನತ ಧರ್ಮಪೀಠವಾದ ಅಕಾಲ್ ತಖ್ತ್ ಅದರ ವಿರುದ್ಧ ಆದೇಶ ಹೊರಡಿಸಬೇಕಾಯಿತು. ಆದರೂ ವೃದ್ಧರಿಗೆ ಮತ್ತು ಅಂಗವಿಕಲರಿಗೆ ಅನೇಕ ಗುರುದ್ವಾರಗಳಲ್ಲಿ ಗೋಡೆಯ ಬದಿಗೆ ಬೆಂಚು ಹಾಕಿರುತ್ತಾರೆ. ಕೇಳಲು ಸಂಕೋಚಪಡಬೇಡಿರಿ, ಒಳಗೆ ಹೋದ ಕೂಡಲೇ ಸೇವಾದಾರರಿಗೆ ತಿಳಿಸಿರಿ. ಕಾಲುಗಳನ್ನು ಗ್ರಂಥದ ಕಡೆಗೆ ಚಾಚದಂತೆ ಮಾತ್ರ ನೋಡಿಕೊಳ್ಳಿರಿ.

ಮಗಳ ವಿಷಯದಲ್ಲಿ ಚಿಂತೆಯೇ ಬೇಡ. ಮುಟ್ಟಾದ ಹೆಣ್ಣುಮಕ್ಕಳು ಗುರುದ್ವಾರದೊಳಗೆ ಬರಬಾರದೆಂಬ ನಿಯಮವಿಲ್ಲ. ಅವರು ಲಂಗರಿನಲ್ಲಿ ಉಣ್ಣಬಹುದು, ಸೇವೆ ಮಾಡಬಹುದು. ಗುರುದ್ವಾರಗಳಲ್ಲಿ ಬೆಳಗಿನ ಹೊತ್ತು ಹಾಡುವ ಆಸಾ ದೀ ವಾರ್‌ನಲ್ಲಿ ಗುರುನಾನಕರು ಸೂತಕದ ಕಲ್ಪನೆಯನ್ನೇ ಪ್ರಶ್ನಿಸಿದ್ದಾರೆ, ರಾಜರನ್ನು ಹೆತ್ತವಳನ್ನು ಕೀಳೆನ್ನುವುದು ಹೇಗೆಂದು ಕೇಳಿದ್ದಾರೆ. ಇಷ್ಟಾದರೂ ಹರ್‌ಮಂದಿರ್ ಸಾಹೇಬದ ಗರ್ಭಗೃಹದಲ್ಲಿ ಮಹಿಳೆಯರು ಕೀರ್ತನೆ ನಡೆಸುವ ಅವಕಾಶಕ್ಕಾಗಿ ಸಿಖ್ ಮಹಿಳೆಯರೇ ಬಹಳ ಕಾಲದಿಂದ ಕೇಳುತ್ತ ಬಂದಿದ್ದಾರೆ. ಬೀದರಿನಲ್ಲಿ ನಿಮ್ಮ ಮಗಳನ್ನು ಯಾರೂ ಏನೂ ಕೇಳುವುದಿಲ್ಲ. ಒಂದೇ ತೊಡಕೆಂದರೆ ನಿಮ್ಮ ಮನೆಯ ಮಡಿ: ಮಗಳು ಪಕ್ಕದಲ್ಲಿದ್ದರೆ ತಾಯಿಯವರಿಗೆ ಹರಕೆ ಕೆಟ್ಟಿತೆಂಬ ಭಾವನೆ ಬರಬಹುದು. ಅದನ್ನು ಮನೆಯಲ್ಲಿಯೇ ಮಾತನಾಡಿ ಬಗೆಹರಿಸಿಕೊಳ್ಳಿರಿ. ಆ ಹುಡುಗಿಯನ್ನು ಗುರುದ್ವಾರದ ಬಾಗಿಲ ಹೊರಗೆ ನಿಲ್ಲಿಸುವುದು ಮಾತ್ರ ಬೇಡ, ಆ ಸ್ಥಳದ ಧರ್ಮಕ್ಕೆ ಅದು ವಿರುದ್ಧ.

ತೆಂಗಿನಕಾಯಿ, ಕರ್ಪೂರ, ಊದುಬತ್ತಿಗಳನ್ನು ಒಯ್ಯಬೇಡಿರಿ. ಗಂಟೆ ಬಾರಿಸುವುದು, ದೀಪ ಧೂಪಗಳ ಆರತಿ ಎತ್ತುವುದು, ಮೂರ್ತಿಯಿಡುವುದು ರೆಹತ್ ಮರ್ಯಾದೆಗೆ ಹೊರತಾದವು. ಮೇಲ್ಕಟ್ಟಿನ ಕೆಳಗೆ, ರುಮಾಲಾ ಎಂಬ ವಸ್ತ್ರ ಹೊದಿಸಿ, ಚಾಮರ ಬೀಸುತ್ತ ಇರಿಸಿರುವ ಗ್ರಂಥವನ್ನು ಕಂಡು ಅದೂ ಒಂದು ಬಗೆಯ ವಿಗ್ರಹವೇ ಎಂದು ಭಾವಿಸುವವರಿದ್ದಾರೆ. ಅದು ಹಾಗಲ್ಲ. 1708ರಲ್ಲಿ ನಾಂದೇಡಿನಲ್ಲಿ ಗುರು ಗೋವಿಂದ ಸಿಂಗರು ತಮ್ಮ ನಂತರ ಯಾವ ವ್ಯಕ್ತಿಯೂ ಗುರುವಲ್ಲ, ಗ್ರಂಥವೇ ಗುರು ಎಂದು ಘೋಷಿಸಿದರೆಂಬುದು ಸಿಖ್ಖರ ನಂಬಿಕೆ. ಆದ್ದರಿಂದ ಅಲ್ಲಿ ಸಲ್ಲುವ ಗೌರವ ಗುರುವಿಗೆ ಸಲ್ಲುವ ಗೌರವ. ಬೆಳಗಿನ ಜಾವ ಗ್ರಂಥವನ್ನು ತೆರೆಯುತ್ತಾರೆ, ರಾತ್ರಿ ಮುಚ್ಚಿ ಶಯನಕ್ಕೆ ಒಯ್ಯುತ್ತಾರೆ. ಅದರ 1430 ಪುಟಗಳಲ್ಲಿ ಸಿಖ್ ಗುರುಗಳ ಜೊತೆಗೆ ಕಬೀರ, ರವಿದಾಸ, ಶೇಖ್ ಫರೀದ್, ನಮ್ಮ ನೆರೆಯ ಮಹಾರಾಷ್ಟ್ರದ ನಾಮದೇವರ ರಚನೆಗಳೂ ಇವೆ. ತಾಯಿಯವರು ಮುಂದೆ ಹೋಗಿ, ಕೈಮುಗಿದು, ಸಾಧ್ಯವಾದರೆ ಹಣೆಯನ್ನು ನೆಲಕ್ಕೆ ಮುಟ್ಟಿಸಿ, ಆಗದಿದ್ದರೆ ನಿಂತಲ್ಲಿಂದಲೇ ತಲೆಬಾಗಿಸಿ ಬಂದು ಕುಳಿತು ಕೀರ್ತನೆ ಕೇಳಿದರೆ ಸಾಕು. ಬೀದರಿನಿಂದ ನಾಂದೇಡಿನ ಹಜೂರ್ ಸಾಹೇಬಕ್ಕೂ ಹೋಗುವುದಾದರೆ ಅಲ್ಲಿ ದೀಪಗಳ ಆರತಿ ಕಂಡು ಗೊಂದಲಗೊಳ್ಳಬೇಡಿರಿ. ಆ ತಖ್ತಿಗೆ (ಧರ್ಮಪೀಠಕ್ಕೆ) ತನ್ನದೇ ಆದ ಹಳೆಯ ಪದ್ಧತಿಗಳಿವೆ.

ಕೊನೆಯದು, ಝರಿಯ ನೀರು. 16ನೆಯ ಶತಮಾನದ ಆರಂಭದಲ್ಲಿ ದಕ್ಷಿಣದ ಯಾತ್ರೆಯಲ್ಲಿದ್ದ ಗುರುನಾನಕರು ಬೀದರಿನ ಹೊರಗೆ ತಂಗಿದ್ದಾಗ, ಕುಡಿಯುವ ನೀರಿಲ್ಲದೆ ಬಳಲುತ್ತಿದ್ದ ಜನ ಅವರಲ್ಲಿ ಮೊರೆಯಿಟ್ಟರು, ಗುರುಗಳು ಪಾದದಿಂದ ಕಲ್ಲೊಂದನ್ನು ಸರಿಸಿದಾಗ ಸಿಹಿನೀರು ಉಕ್ಕಿತು ಎಂಬುದು ಪರಂಪರೆಯ ಕಥೆ. ಇಂದಿನ ಗುರುದ್ವಾರವನ್ನು ಕಟ್ಟಿದ್ದು 1948ರಲ್ಲಿ. ಭೂಮಿಯ ಲಕ್ಷಣವನ್ನು ನೋಡಿದರೆ ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ರಂಧ್ರಗಳಿಂದ ಕೂಡಿದ ಆ ಕೆಂಪು ಕಲ್ಲು ಮಳೆಯ ನೀರನ್ನು ಹೀರಿಕೊಳ್ಳುತ್ತದೆ. ಕೆಳಗಿನ ಜೇಡಿ ಮತ್ತು ಕಪ್ಪು ಬಸಾಲ್ಟ್ ಪದರ ಅದನ್ನು ಸುಲಭವಾಗಿ ಇಳಿಯಗೊಡುವುದಿಲ್ಲ. ಹೀಗೆ ತಡೆದ ನೀರು ಪಕ್ಕಕ್ಕೆ ಹರಿದು ಕಣಿವೆಯ ಅಂಚಿನಲ್ಲಿ ಒಸರುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟ ನಿಲ್ಲುವ ನೀರು, ಬಹಮನಿ ಕಾಲದಲ್ಲಿ ನೌಬಾದ್‌ನಲ್ಲಿ ತೋಡಿದ ಕರೇಜ್ ಎಂಬ ನೆಲದಡಿಯ ಕಾಲುವೆಯ ನೀರು, ಈ ಝರಿಯ ನೀರು, ಎಲ್ಲಕ್ಕೂ ಆಸರೆ ಇದೇ ಜಂಬಿಟ್ಟಿಗೆ. ಇದನ್ನು ಹೇಳುವುದು ಯಾರ ನಂಬಿಕೆಯನ್ನೂ ಕದಲಿಸಲೆಂದಲ್ಲ. ನೀರಿಗೆ ಬಾಯಾರಿದ ಊರಿಗೆ ಬುಗ್ಗೆ ದೊರೆತ ನೆನಪು ಕಲ್ಲಿನ ಗುಣ ತಿಳಿದ ಮೇಲೂ ಪವಿತ್ರವಾಗಿಯೇ ಉಳಿಯುತ್ತದೆ.

ಮಂಡಿನೋವಿಗೆ ಅದು ಔಷಧವೆಂದು ನಾನು ಹೇಳಲಾರೆ. ತಾಯಿಯವರು ತೀರ್ಥವೆಂದು ಸ್ವೀಕರಿಸಲಿ, ಆದರೆ ಅದನ್ನು ಕುಡಿದ ಧೈರ್ಯದ ಮೇಲೆ ಸಕ್ಕರೆಯ ಮಾತ್ರೆಯನ್ನಾಗಲಿ ಮಂಡಿಯ ಚಿಕಿತ್ಸೆಯನ್ನಾಗಲಿ ನಿಲ್ಲಿಸಲು ಬಿಡಬೇಡಿರಿ; ಇಂಥ ಯಾತ್ರೆಗಳ ನಂತರ ಮಾತ್ರೆ ಬಿಟ್ಟು ತೊಂದರೆಗೆ ಸಿಕ್ಕವರನ್ನು ನಾನು ಕಂಡಿದ್ದೇನೆ. ಮನೆಗೆ ತರುವುದಾದರೆ ಶುಚಿಯಾದ ಬಾಟಲಿಯಲ್ಲಿ ಸ್ವಲ್ಪವೇ ತನ್ನಿರಿ, ತಿಂಗಳುಗಟ್ಟಲೆ ಇಟ್ಟು ಕುಡಿಯಬೇಡಿರಿ.

ದಿನದ ಬಗ್ಗೆ ಒಂದು ಮಾತು. ಗುರುನಾನಕ್ ಜಯಂತಿ ಕಾರ್ತೀಕ ಹುಣ್ಣಿಮೆಗೆ ಬರುತ್ತದೆ. ಆ ದಿನ ದೂರದೂರದ ಯಾತ್ರಿಕರಿಂದ ಆವರಣ ತುಂಬಿರುತ್ತದೆ, ಸಾಲಿನಲ್ಲಿ ಬಹಳ ಹೊತ್ತು ನಿಲ್ಲಬೇಕಾಗುತ್ತದೆ. ಉತ್ಸವದ ಸಂಭ್ರಮವನ್ನು ಕಾಣಬೇಕೆಂಬುದೇ ತಾಯಿಯವರ ಆಸೆಯಾಗಿದ್ದರೆ ಹಿಂದಿನ ದಿನವೇ ಬೀದರ್ ತಲುಪಿ, ಬೆಳಗಿನ ಜಾವದ ದರ್ಶನ ಮುಗಿಸಿ ಕೋಣೆಗೆ ಮರಳಿರಿ. ಹರಕೆ ತೀರುವುದಷ್ಟೇ ಮುಖ್ಯವಾದರೆ ಜಯಂತಿ ಕಳೆದು ಒಂದು ವಾರದ ನಂತರ, ಸಾಮಾನ್ಯ ದಿನದಲ್ಲಿ ಹೋಗುವುದು ಅವರ ಮಂಡಿಗಳಿಗೆ ಹಿತ. ಆಗ ಹತ್ತಿರದ ಜನವಾಡಕ್ಕೂ ಹೋಗಿಬರಲು ಬಿಡುವಿರುತ್ತದೆ. 1705ರಲ್ಲಿ ಮುಕ್ತಸರದ ಯುದ್ಧದಲ್ಲಿ ನಲವತ್ತು ಯೋಧರ ಮುಂದೆ ನಿಂತು ಹೋರಾಡಿದ ಮಾಯಿ ಭಾಗೋ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಅಲ್ಲಿಯೇ, ಅವರ ನೆನಪಿನ ಗುರುದ್ವಾರವೂ ಅಲ್ಲಿದೆ. ನಿಮ್ಮ ಮಗಳನ್ನು ಅಲ್ಲಿಗೆ ಖಂಡಿತ ಕರೆದೊಯ್ಯಿರಿ.